ಪೌಡರ್ ಕೋಟಿಂಗ್ ಎದ್ದು ಬಂದ್ರೆ ಪೌಡರ್ ಬದಲಾಯಿಸೋ ಮುಂಚೆ ಏನೇನ್ ನೋಡ್ಬೇಕು: ಕೊಡಗಿನ ಶೆಡ್‌ಗಳಿಗೊಂದು ದೋಷ ನಿವಾರಣೆ ಕೈಪಿಡಿ

ಪೌಡರ್ ಕೋಟಿಂಗ್ ಅಂದ್ರೆ ಒಣ ಬಣ್ಣದ ಪುಡಿಗೆ ಗನ್‌ನಲ್ಲಿ ಕರೆಂಟ್ ಚಾರ್ಜ್ ಕೊಟ್ಟು, ತೊಳೆದ ಕಬ್ಬಿಣಕ್ಕೆ ಹೊಡೆದು, ಓವನ್‌ನಲ್ಲಿ ಬೇಯಿಸೋದು. ಗೇಟ್ ಹಾಕಿ ಒಂದು ಮಳೆಗಾಲ ಕಳೆಯೋದ್ರೊಳಗೆ ಕೋಟಿಂಗ್ ಎದ್ದು ಬಂತು ಅಂತ ಗಿರಾಕಿ ಫೋನ್ ಮಾಡಿದ್ರೆ ಶೆಡ್‌ನಲ್ಲಿ ಮೊದಲು ಬರೋ ಮಾತು ಪೌಡರ್ ಸರಿ ಇಲ್ಲ, ಈ ಸಲದ ಲಾಟೇ ಹಿಂಗೆ ಅಂತ. ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪ ಎಲ್ಲಿ ಕೇಳಿದ್ರೂ ಇದೇ. ಪೌಡರ್ ಕೆಟ್ಟಿರೋದೇ ಇಲ್ಲ ಅಂತ ನಾನು ಹೇಳ್ತಿಲ್ಲ, ಇರತ್ತೆ, ಆದ್ರೆ ಕಾರಣಗಳ ಸಾಲಲ್ಲಿ ಅದು ತುಂಬ ಹಿಂದೆ ನಿಲ್ಲೋದು. ನಮ್ಮ ಜಿಲ್ಲೇಲಿ ಕೋಟಿಂಗ್ ಕೆಡಿಸೋದು ಹೆಚ್ಚಾಗಿ ಎರಡೇ ವಿಷಯ, ಒಂದು ನೀರು, ಇನ್ನೊಂದು ಓವನ್ ಮೀಟರ್ ತೋರಿಸೋ ಡಿಗ್ರಿಗೂ ಕಬ್ಬಿಣಕ್ಕೆ ನಿಜವಾಗಿ ಹತ್ತಿದ ಡಿಗ್ರಿಗೂ ಇರೋ ವ್ಯತ್ಯಾಸ. ಇವೆರಡನ್ನ ನೋಡದೆ ಪೌಡರ್ ಕಂಪನಿ ಬದಲಾಯಿಸಿದ್ರೆ ದುಡ್ಡು ಹೋಗತ್ತೆ, ದೋಷ ಅಲ್ಲೇ ಉಳಿಯತ್ತೆ.

ಮೊದ್ಲು ದೋಷ ಎಲ್ಲಿದೆ ನೋಡಿ

ಪೀಸ್ ವಾಪಸ್ ಬಂದ ತಕ್ಷಣ ಉಜ್ಜೋಕೆ ಹೋಗ್ಬೇಡಿ, ಗ್ರೈಂಡರ್ ಅಂತೂ ಮುಟ್ಲೇಬೇಡಿ. ಫೋಟೋ ತೆಗೀರಿ. ಅದು ಓವನ್‌ನಲ್ಲಿ ಯಾವ ಕಡೆ ತೂಗಿತ್ತು, ಯಾವ ತಿಂಗಳಲ್ಲಿ ಹೊಡೆದಿದ್ದು, ಬೆಳಗ್ಗೆ ಮೊದಲ ಲೋಡಾ ಮಧ್ಯಾಹ್ನದ್ದಾ, ಅವತ್ತು ಕರೆಂಟ್ ಹೆಂಗಿತ್ತು ಅಂತ ಹುಡುಗರನ್ನ ಕೇಳಿ ಬರ್ಕೊಳ್ಳಿ. ದೋಷ ಪೂರ್ತಿ ಪೀಸ್ ಮೇಲೆ ಒಂದೇ ಸಮ ಇದ್ರೆ ತೊಳೆಯೋ ಟ್ಯಾಂಕ್ ಕಡೆ ಹೋಗ್ಬೇಕು ಇಲ್ಲ ಬೇಯಿಸಿದ ಟೈಮ್ ಕಡೆ. ಒಂದೇ ಮಗ್ಗುಲಲ್ಲಿದ್ರೆ ಅಥವಾ ಕೆಳಗಿನ ಅರ್ಧದಲ್ಲಿ ಮಾತ್ರ ಇದ್ರೆ ಓವನ್ ಒಳಗೆ ಗಾಳಿ ಸರಿಯಾಗಿ ತಿರುಗ್ತಿಲ್ಲ. ಗೇಟಿನ ಕೀಲು, ಲಾಕ್ ಪ್ಲೇಟ್, ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ಮೆಷಿನ್ ಬಾಡಿ ಇಂಥ ದಪ್ಪ ಜಾಗದಲ್ಲಿ ಮಾತ್ರ ಇದ್ರೆ ಅಲ್ಲಿ ಕಬ್ಬಿಣ ಕಾದಿಲ್ಲ. ವೆಲ್ಡಿಂಗ್ ಸಾಲಿನ ಉದ್ದಕ್ಕೂ ಇದ್ರೆ ಒಳಗೆ ನೀರು ಸಿಕ್ಕಿಹಾಕ್ಕೊಂಡಿತ್ತು ಅಥವಾ ವೆಲ್ಡಿಂಗ್ ಕರಿ ಹಂಗೇ ಉಳಿದಿತ್ತು. ಅಂಚಲ್ಲಿ ಮಾತ್ರ ಇದ್ರೆ ಅಂಚು ತುಂಬ ಚೂಪಾಗಿದೆ. ದಿನದ ಮೊದಲ ಪೀಸ್‌ಗಳಲ್ಲಿ ಮಾತ್ರ ಬಂದು ಆಮೇಲೆ ತಾನಾಗೇ ಹೋಗಿಬಿಟ್ರೆ ಗನ್‌ಗೆ ಗಾಳಿ ಕೊಡೋ ಕಂಪ್ರೆಸರ್‌ನ ನೀರು ಅಂತ ಹೆಚ್ಚು ಕಡಿಮೆ ಖಾತ್ರಿ ಮಾಡ್ಕೋಬಹುದು. ಇಷ್ಟು ಗೊತ್ತಾದ್ರೆ ಅರ್ಧ ಕೆಲಸ ಮುಗೀತು, ನಿಜವಾಗ್ಲೂ.

ಎದ್ದು ಬರೋ ಕೋಟಿಂಗ್

ಒಂದು ಬ್ಲೇಡ್ ತಗೊಂಡು ಎದ್ದಿರೋ ಜಾಗದ ಪಕ್ಕ ಇನ್ನೂ ಗಟ್ಟಿ ಇರೋ ಕಡೆ ಚೌಕ ಚೌಕ ಗೀರಿ, 60 ಮೈಕ್ರಾನ್ (ಒಂದು ಎಂಎಂನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಒಳಗಿನ ಕೋಟ್‌ಗೆ 1 ಎಂಎಂ ಅಂತರ, 60ರಿಂದ 120 ಮೈಕ್ರಾನ್‌ಗೆ 2 ಎಂಎಂ ಅಂತರ, ಅಡ್ಡ ಆರು ಗೆರೆ ಉದ್ದ ಆರು ಗೆರೆ, ಮೇಲೆ ಒಳ್ಳೆ ಟೇಪ್ ಒತ್ತಿ ಅಂಟಿಸಿ ಎಳೀರಿ. ಎಷ್ಟು ಚೌಕ ಬಂತು ಅನ್ನೋದಕ್ಕಿಂತ ಕೆಳಗೆ ಏನು ಕಾಣ್ತಿದೆ ಅನ್ನೋದನ್ನ ಬೆಳಕಲ್ಲಿ ಹಿಡಿದು ನೋಡಿ, ಉತ್ತರ ಅಲ್ಲಿರತ್ತೆ.

ಕೆಳಗೆ ಹೊಳೆಯೋ ಬರಿ ಕಬ್ಬಿಣ ಕಂಡ್ರೆ ಫಾಸ್ಫೇಟ್ (ಕೋಟಿಂಗ್ ಹಿಡ್ಕೊಳ್ಳಲಿ ಅಂತ ಟ್ಯಾಂಕ್‌ನಲ್ಲಿ ಹತ್ತಿಸೋ ಪದರ) ಹತ್ತಿಲ್ಲ ಅಥವಾ ಎಣ್ಣೆ ಹೋಗಿಲ್ಲ. ಫಾಸ್ಫೇಟ್ ಹತ್ತಿದ ಕಬ್ಬಿಣ ಹೊಳೆಯಲ್ಲ, ಮಾಸಲು ಬೂದು ಬಣ್ಣ ಇರತ್ತೆ. ಎಣ್ಣೆ ಹೋಗಿದ್ಯೋ ಇಲ್ವೋ ನೋಡೋಕೆ ಯಾವ ಮೆಷಿನ್ನೂ ಬೇಡ, ಡಿಗ್ರೀಸಿಂಗ್ (ಕೆಮಿಕಲ್‌ನಲ್ಲಿ ಎಣ್ಣೆ ತೆಗೆಯೋದು) ಆಗಿ ತೊಳೆದ ಮೇಲೆ ಪೀಸನ್ನ ನೀರಿಂದ ಎತ್ತಿ ಹಿಡೀರಿ, ನೀರು ಒಂದೇ ಪದರವಾಗಿ ಇಳೀಬೇಕು, ಹನಿ ಹನಿಯಾಗಿ ಒಡೆದು ನಿಂತ್ರೆ ಅಲ್ಲಿ ಇನ್ನೂ ಎಣ್ಣೆ ಇದೆ, ವಾಪಸ್ ಟ್ಯಾಂಕ್‌ಗೆ. ಪಲ್ಪರ್ ಪಾರ್ಟ್ಸ್ ಬಂದಾಗ ಇದನ್ನ ಬಿಡ್ಲೇಬಾರ್ದು, ಯಾಕಂದ್ರೆ ಅದರ ಮೇಲೆ ಗ್ರೀಸ್ ಒಂದೇ ಅಲ್ಲ, ಕಾಫಿ ಹಣ್ಣಿನ ಲೋಳೆ ಒಣಗಿ ಕೂತಿರತ್ತೆ, ಅದು ಡಿಗ್ರೀಸಿಂಗ್ ಕೆಮಿಕಲ್‌ಗೆ ಅಷ್ಟು ಸುಲಭಕ್ಕೆ ಬಗ್ಗಲ್ಲ, ಮೊದ್ಲು ಬಿಸಿ ನೀರಲ್ಲಿ ನೆನೆಸಿ ಬ್ರಷ್ ಹಾಕಿ ತಿಕ್ಕಿ ಆಮೇಲೆ ಟ್ಯಾಂಕ್‌ಗೆ ಬಿಡ್ಬೇಕು.

ಕೆಳಗೆ ಕಂದು ತುಕ್ಕು ಕಂಡ್ರೆ ಎರಡು ಥರ ಇರಬಹುದು. ಆಳವಾದ ಕಲೆ ಕಲೆ ತುಕ್ಕಾದ್ರೆ ಹಳೇದು ತೆಗೆದಿಲ್ಲ. ತೆಳ್ಳಗೆ ಪೂರ್ತಿ ಹರಡಿದ ಹಳದಿ ತುಕ್ಕಾದ್ರೆ ಬ್ಲಾಸ್ಟಿಂಗ್ (ಹರಳನ್ನ ರಭಸದಿಂದ ಹೊಡೆದು ತುಕ್ಕು ತೆಗೆಯೋದು) ಆದ್ಮೇಲೆ ಅಥವಾ ಡಿರಸ್ಟಿಂಗ್ (ಆಸಿಡ್‌ನಲ್ಲಿ ತುಕ್ಕು ತೆಗೆಯೋದು) ಆದ್ಮೇಲೆ ಪೀಸ್ ಕಾಯ್ತಾ ಕೂತಿದೆ. ಬ್ಲಾಸ್ಟ್ ಆದ 4 ಗಂಟೆ ಒಳಗೆ ಕೋಟಿಂಗ್ ಹೊಡೀಬೇಕು ಅಂತ ಬಯಲು ಸೀಮೆಯಲ್ಲಿ ಹೇಳೋದನ್ನ ಕಕ್ಕಡ ತಿಂಗಳ ಮಡಿಕೇರೀಲಿ ನಂಬ್ಕೊಂಡು ಕೂರೋ ಹಾಗಿಲ್ಲ. ಜುಲೈ, ಆಗಸ್ಟ್‌ನಲ್ಲಿ ಬ್ಲಾಸ್ಟ್ ಆದ ಕಬ್ಬಿಣ ಊಟ ಮುಗಿಸಿ ಬರೋದ್ರೊಳಗೆ ಬಣ್ಣ ತಿರುಗಿರತ್ತೆ. ಮಳೆಗಾಲದಲ್ಲಿ ಒಂದು ಲೋಡ್‌ಗೆ ಎಷ್ಟು ಬೇಕೋ ಅಷ್ಟೇ ಬ್ಲಾಸ್ಟ್ ಮಾಡಿ, ನೇರ ಒಣಗಿಸೋ ಓವನ್‌ಗೆ, ಅಲ್ಲಿಂದ ಪೌಡರ್ ಹೊಡೆಯೋ ಬೂತ್‌ಗೆ, ಮಧ್ಯೆ ನೆಲದ ಮೇಲೆ ಇಡೋದೇ ಬೇಡ.

ಕೆಳಗೆ ತಾಮ್ರದ ಬಣ್ಣ ಕಂಡ್ರೆ? ಇದು ತೋಟದ ಸಾಮಾನಲ್ಲಿ ಬರೋದು, ಹೊರಗಿನ ಯಾವ ಮ್ಯಾನ್ಯುಯಲ್ಲಲ್ಲೂ ಇದನ್ನ ಹುಡುಕಬೇಡಿ. ಮಳೆಗೆ ಮುಂಚೆ ಕಾಫಿಗೆ, ಮೆಣಸಿಗೆ ಬೋರ್ಡೋ ಹೊಡೀತೀವಲ್ಲ, 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ 1 ಕೆಜಿ ಸುಣ್ಣ, ಅದು ಗೇಟ್ ಮೇಲೆ, ಬೇಲಿ ಕಂಬದ ಮೇಲೆ, ಸ್ಪ್ರೇಯರ್ ಫ್ರೇಮ್ ಮೇಲೆ ನೀಲಿ ಬಿಳಿ ಪದರವಾಗಿ ಒಣಗಿ ಕೂತಿರತ್ತೆ. ಆ ಪೀಸನ್ನ ಹಂಗೇ ಆಸಿಡ್ ಟ್ಯಾಂಕ್‌ಗೆ ಬಿಟ್ರೆ ಬೋರ್ಡೋದಲ್ಲಿರೋ ತಾಮ್ರ ಆಸಿಡ್‌ನಲ್ಲಿ ಕರಗಿ ಕಬ್ಬಿಣದ ಮೇಲೆ ತೆಳ್ಳಗೆ ಕೆಂಪು ಪದರವಾಗಿ ಹತ್ಕೊಳತ್ತೆ, ಅದರ ಮೇಲೆ ಫಾಸ್ಫೇಟ್ ನಿಲ್ಲಲ್ಲ, ಕೋಟಿಂಗ್ ಹಾಳೆ ಹಾಳೆಯಾಗಿ ಬರತ್ತೆ, ಜೊತೆಗೆ ತಾಮ್ರ ತಾಗಿದ ಕಬ್ಬಿಣ ಮಳೆ ನೀರಿಗೆ ಇನ್ನೂ ಬೇಗ ತುಕ್ಕು ಹಿಡಿಯತ್ತೆ. ಒಂದು ಪೀಸಿಂದ ಟ್ಯಾಂಕ್ ಪೂರ್ತಿ ಕೆಡತ್ತೆ, ಆಮೇಲೆ ಹೋಗೋ ಪ್ರತಿ ಪೀಸ್ ಮೇಲೂ ತಾಮ್ರ ಕೂರತ್ತೆ. ಅದಕ್ಕೆ ತೋಟದಿಂದ ಬಂದ ಯಾವ ಸಾಮಾನಾದ್ರೂ ಮೊದ್ಲು ವೈರ್ ಬ್ರಷ್, ಪ್ರೆಷರ್ ವಾಶ್, ಆಮೇಲೇ ಟ್ಯಾಂಕ್. ಆಸಿಡ್‌ನಿಂದ ಎತ್ತಿದಾಗ ಕೆಂಪು ಛಾಯೆ ಕಂಡ್ರೆ ಆ ಟ್ಯಾಂಕ್ ಖಾಲಿ ಮಾಡೋ ಕಾಲ ಬಂತು ಅಂತ. ಖಾಲಿ ಮಾಡೋದು ಅಂದ್ರೆ ಚರಂಡಿಗೆ ತೋಡಿಗೆ ಬಿಡೋದಲ್ಲ ದಯವಿಟ್ಟು, ನಮ್ಮ ತೋಡು ಎಲ್ಲಾ ಹೋಗಿ ಸೇರೋದು ಹೊಳೆಗೇ, ಸುಣ್ಣ ಹಾಕಿ ಆಸಿಡ್ ಸತ್ತ ಮೇಲೆ ಕೆಳಗೆ ಕೂತ ಕೆಸರನ್ನ ಬೇರೆ ಮಾಡಿ ಅಪಾಯಕಾರಿ ತ್ಯಾಜ್ಯ ತಗೊಳ್ಳೋ ಅನುಮತಿ ಇರೋರಿಗೇ ಕೊಡ್ಬೇಕು.

ಕೆಳಗೆ ಬೂದಿ ಥರದ ಪುಡಿ, ಬಿಳಿ ಬಟ್ಟೇಲಿ ಒರೆಸಿದ್ರೆ ಬರತ್ತೆ ಅಂದ್ರೆ ಫಾಸ್ಫೇಟ್ ಜಾಸ್ತಿ ದಪ್ಪ ಆಗಿದೆ, ಪದರದ ಒಳಗೇ ಬಿರುಕು ಬಿಟ್ಟು ಎದ್ದಿದೆ. ಟ್ಯಾಂಕ್‌ನಲ್ಲಿ ಹೆಚ್ಚು ಹೊತ್ತು ಬಿಟ್ಟಿದ್ದು ಅಥವಾ ಕೆಳಗಿನ ಕೆಸರು ಕಲಕಿದ್ದು ಕಾರಣ.

ಇನ್ನೊಂದು, ಮೇಲಿನ ಕೋಟ್ ಮಾತ್ರ ಪ್ರೈಮರ್ ಮೇಲಿಂದ ಸಿಪ್ಪೆಯಾಗಿ ಬರೋದು, ಪ್ರೈಮರ್ ಗಟ್ಟಿಯಾಗೇ ಇರತ್ತೆ. ಜಿಂಕ್ ಪ್ರೈಮರ್ ಅಥವಾ ಎಪಾಕ್ಸಿ ಪ್ರೈಮರ್ ಹೊಡೆದು ಅದನ್ನ ಪೂರ್ತಿ ಬೇಯಿಸಿಬಿಟ್ರೆ ಮೇಲೆ ಬರೋ ಪಾಲಿಯೆಸ್ಟರ್ ಪೌಡರ್‌ಗೆ ಹಿಡ್ಕೊಳ್ಳೋಕೆ ಏನೂ ಉಳಿಯಲ್ಲ. ಪ್ರೈಮರನ್ನ ಕರಗಿ ಕೂಡ್ಕೊಳ್ಳೋವರೆಗೆ ಮಾತ್ರ ಬೇಯಿಸಿ, ಮೇಲಿನ ಕೋಟ್ ಹೊಡೆದು, ಎರಡನ್ನೂ ಒಟ್ಟಿಗೆ ಪೂರ್ತಿ ಬೇಯಿಸ್ಬೇಕು. ಎಷ್ಟು ನಿಮಿಷ ಅನ್ನೋದು ಆ ಪ್ರೈಮರ್‌ನ ಡೇಟಾ ಶೀಟ್‌ನಲ್ಲೇ ಇರತ್ತೆ, ಓದಿ.

ಅಂಚಿನ ವಿಷಯ ಒಂದೇ ಮಾತಲ್ಲಿ ಹೇಳ್ತೀನಿ, ಪೌಡರ್ ಕರಗಿದಾಗ ಚೂಪು ಅಂಚಿಂದ ಹಿಂದಕ್ಕೆ ಸರಿಯತ್ತೆ, ಅಲ್ಲಿ ಕೋಟ್ ತೆಳ್ಳಗಾಗಿ ತುಕ್ಕು ಅಲ್ಲಿಂದ್ಲೇ ಶುರು, ಕೋಟಿಂಗ್‌ಗೆ ಮುಂಚೆ ಅಂಚನ್ನ ಗ್ರೈಂಡರ್‌ನಲ್ಲಿ ದುಂಡಗೆ ಮಾಡಿ. ಲೇಸರ್ ಕಟಿಂಗ್ ಆಗಿ ಬಂದ ಡಿಸೈನ್ ಗೇಟ್ ಆದ್ರೆ ಕಟ್ ಆದ ಅಂಚಿನ ಮೇಲೆ ಕರಿ ಪದರ ಇರತ್ತೆ, ಅದು ಟ್ಯಾಂಕ್‌ನಲ್ಲಿ ಸರಿಯಾಗಿ ಹೋಗಲ್ಲ, ಉಜ್ಜಿ ತೆಗೀಲೇಬೇಕು.

ಬೆಂದಿದ್ಯಾ ಇಲ್ವಾ

ಇದು ಈ ಕೈಪಿಡಿಯಲ್ಲಿ ನಂಗೆ ಅತಿ ಮುಖ್ಯ ಅನ್ಸೋ ಭಾಗ. ಡಬ್ಬದ ಮೇಲೆ 200 ಡಿಗ್ರಿ 10 ನಿಮಿಷ ಅಂತ ಬರೆದಿದ್ರೆ ಅದು ಓವನ್ ಗಾಳಿಯ ಲೆಕ್ಕ ಅಲ್ಲ, ಕಬ್ಬಿಣದ ಲೆಕ್ಕ. ಕಬ್ಬಿಣ 200 ಮುಟ್ಟಿದ ಮೇಲೆ 10 ನಿಮಿಷ. ಮೀಟರ್ 200 ತೋರಿಸಿದ ಕೂಡ್ಲೇ ಟೈಮರ್ ಒತ್ತಿದ್ರೆ ಒಂದೂವರೆ ಎಂಎಂ ಶೀಟ್ ಬೇಗ ಕಾಯೋದ್ರಿಂದ ಹೆಂಗೋ ಪಾಸಾಗಬಹುದು, ಆದ್ರೆ ಅದೇ ಲೋಡಲ್ಲಿ ತೂಗಿರೋ ಬೀಡು ಕಬ್ಬಿಣದ ಪಲ್ಪರ್ ಬಾಡಿ ಆ ಮಟ್ಟಕ್ಕೆ ಬರೋಕೆ ಅರ್ಧ ಗಂಟೆ ಮೇಲೂ ತಗೋಬಹುದು, ನೀವು ಬಾಗ್ಲು ತೆಗೆದಾಗ ಅದರ ಕೋಟಿಂಗ್ ಕರಗಿ ಹೊಳೀತಾ ಇರತ್ತೆ, ನೋಡೋಕೆ ಚೆನ್ನಾಗೇ ಇರತ್ತೆ, ಒಳಗೆ ಬೆಂದಿರಲ್ಲ. ಪೌಡರ್ ಮೊದಲು ಕರಗಿ ಹರಡತ್ತೆ, ಆಮೇಲೆ ಒಳಗೆ ಕೊಂಡಿ ಹಾಕ್ಕೊಂಡು ಗಟ್ಟಿಯಾಗತ್ತೆ, ಹೊಳಪು ಬರೋದು ಮೊದಲನೇ ಹಂತದಲ್ಲೇ. ಹಂಗಾಗಿ ಹೊಳಪು ನೋಡಿ ಬೆಂದಿದೆ ಅಂತ ತೀರ್ಮಾನ ಮಾಡೋ ಅಭ್ಯಾಸ ಬಿಡ್ಲೇಬೇಕು.

ಪರೀಕ್ಷೆ ಸುಲಭ. ಪೀಸ್ ಪೂರ್ತಿ ತಣ್ಣಗಾದ ಮೇಲೆ ಎಂಇಕೆ (ಮಿಥೈಲ್ ಇಥೈಲ್ ಕೀಟೋನ್) ಸಾಲ್ವೆಂಟ್‌ನಲ್ಲಿ ಹತ್ತಿ ನೆನೆಸಿ ಕಾಣದ ಜಾಗದಲ್ಲಿ ಹಿಂದೆ ಮುಂದೆ ಸೇರಿ ಒಂದು ಅಂತ ಲೆಕ್ಕ ಹಾಕಿ 30 ಸಲ ಉಜ್ಜಿ, ಕೈಗೆ ಗ್ಲೌಸ್, ಪಕ್ಕದಲ್ಲಿ ಬೆಂಕಿ ಇರಬಾರ್ದು. ಹತ್ತಿಗೆ ಸ್ವಲ್ಪ ಬಣ್ಣ ಹತ್ತಿ ಹೊಳಪು ಕೊಂಚ ಮಾಸಿದ್ರೆ ತೊಂದ್ರೆ ಇಲ್ಲ, ಕೋಟಿಂಗ್ ಮೆತ್ತಗಾಗಿ ಉಗುರಲ್ಲಿ ಬಂದ್ರೆ ಅಥವಾ ಕಬ್ಬಿಣ ಕಂಡ್ರೆ ಬೆಂದಿಲ್ಲ. ತೆಳ್ಳಗಿನ ಜಾಗ ಒಂದು ಕಡೆ, ದಪ್ಪ ಜಾಗ ಒಂದು ಕಡೆ, ಎರಡೂ ಕಡೆ ಮಾಡಿ, ವ್ಯತ್ಯಾಸ ನಿಮಗೇ ಕಾಣತ್ತೆ. ಬೇಯದ ಕೋಟಿಂಗ್‌ನ ಇನ್ನೊಂದು ಲಕ್ಷಣ ಸುತ್ತಿಗೇಲಿ ಮೆಲ್ಲಗೆ ತಟ್ಟಿದ್ರೆ ಚೂರು ಚೂರಾಗಿ ಸಿಡಿಯೋದು. ಜೀಪ್ ಬಂಪರ್, ಕ್ಯಾರಿಯರ್‌ಗಳಲ್ಲಿ ಕಲ್ಲು ತಾಗಿದ ಕಡೆಯೆಲ್ಲ ಚುಕ್ಕೆ ಚುಕ್ಕೆ ಬಿಟ್ಟಿರೋದು ನೋಡಿದ್ರೆ ಮೊದ್ಲು ಇದನ್ನೇ ಅನುಮಾನ ಪಡಿ.

ಒಳ್ಳೆ ಸುದ್ದಿ ಏನಂದ್ರೆ ಬೇಯದೇ ಇರೋದು ಇನ್ನೂ ಎದ್ದಿಲ್ಲ, ಹೊರಗೆ ಮಳೆಗೆ ಹೋಗಿಲ್ಲ ಅಂದ್ರೆ ವಾಪಸ್ ಓವನ್‌ಗೆ ಹಾಕಿ ಪೂರ್ತಿ ಟೈಮ್ ಕೊಟ್ರೆ ಸರಿಯಾಗತ್ತೆ. ಲೋಡ್ ಮಧ್ಯೆ ಕರೆಂಟ್ ಹೋದಾಗಲೂ ಇದೇ, ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಗೋದು ನಮಗೆ ಹೊಸದಲ್ಲ, ಪೀಸ್ ಒಳಗೇ ಬಿಡಿ, ಬಾಗ್ಲು ತೆಗೀಬೇಡಿ, ಕರೆಂಟ್ ಬಂದ ಮೇಲೆ ಕಬ್ಬಿಣ ಡಿಗ್ರಿ ಮುಟ್ಟಿದ ಕ್ಷಣದಿಂದ ಹೊಸದಾಗಿ ಪೂರ್ತಿ ಟೈಮ್ ಎಣಿಸಿ. ಬಿಳಿ ಬಣ್ಣ ಆದ್ರೆ ಸ್ವಲ್ಪ ಹಳದಿ ತಿರುಗಬಹುದು, ಬಲಕ್ಕೇನೂ ಮೋಸ ಇಲ್ಲ.

ಕಬ್ಬಿಣದ ಡಿಗ್ರಿ ಅಳೆಯೋದು ಹೆಂಗೆ? ಕೆ ಟೈಪ್ ಥರ್ಮೋಕಪಲ್ (ಶಾಖ ಅಳೆಯೋ) ವೈರ್ ಹಾಕೋಕೆ ಬರೋ ಮಲ್ಟಿಮೀಟರ್ ಸಾಕು, ಫೈಬರ್ ಗ್ಲಾಸ್ ಸುತ್ತಿದ ವೈರ್ ತಗೊಳ್ಳಿ, ಪ್ಲಾಸ್ಟಿಕ್ ಸುತ್ತಿದ್ದು ಕರಗತ್ತೆ. ಗುಜರಿ ಪೀಸ್ ಒಂದರ ಅತಿ ದಪ್ಪ ಜಾಗದಲ್ಲಿ ಚಿಕ್ಕ ತೂತು ಕೊರೆದು ವೈರ್ ತುದಿ ಒಳಗೆ ಒತ್ತಿ ಸ್ಕ್ರೂ ಹಾಕಿ, ಬಾಗ್ಲು ಸಂದೀಲಿ ವೈರ್ ಹೊರಗೆ ತಂದು, ಎರಡೆರಡು ನಿಮಿಷಕ್ಕೆ ಒಮ್ಮೆ ಬರ್ಕೊಳ್ಳಿ. ಮೇಲೆ, ಕೆಳಗೆ, ಎಡ, ಬಲ ಎಲ್ಲಾ ಕಡೆ ಇದನ್ನ ಮಾಡಿ. ಫ್ಯಾನ್ ಇಲ್ಲದ ಅಥವಾ ಫ್ಯಾನ್ ಸುಸ್ತಾದ ಪೆಟ್ಟಿಗೆ ಓವನ್‌ನಲ್ಲಿ ಮೇಲಕ್ಕೂ ಕೆಳಕ್ಕೂ 20, 30 ಡಿಗ್ರಿ ವ್ಯತ್ಯಾಸ ಬರೋದು ಸಾಮಾನ್ಯ, ಮೀಟರ್ ಸೆನ್ಸಾರ್ ಮೇಲ್ಗಡೆ ಇರೋದ್ರಿಂದ ಅದು ಯಾವಾಗ್ಲೂ ಒಳ್ಳೆ ಸುದ್ದೀನೇ ಹೇಳತ್ತೆ. ಕೈಲಿ ಹಿಡಿಯೋ ಇನ್‌ಫ್ರಾರೆಡ್ ಗನ್ ಕೋಟಿಂಗ್ ಆದ ಮೇಲ್ಮೈಯನ್ನ ಪರವಾಗಿಲ್ಲ ಅನ್ನೋ ಹಾಗೆ ಓದತ್ತೆ, ಹೊಳೆಯೋ ಬರಿ ಜಿಐ (ಸತು ಲೇಪಿಸಿದ ಕಬ್ಬಿಣ) ಶೀಟನ್ನ ಇರೋದಕ್ಕಿಂತ ತುಂಬ ಕಮ್ಮಿ ಓದತ್ತೆ, ಅದನ್ನ ನೆಚ್ಚಿ ಟೈಮ್ ಇಡ್ಬೇಡಿ.

ಎಲೆಕ್ಟ್ರಿಕ್ ಓವನ್ ಇರೋರು ಕಾಯೋಕೆ ಹೆಚ್ಚು ಹೊತ್ತು ಹಿಡೀತಿದೆ ಅಂದ್ರೆ ವೋಲ್ಟೇಜ್ ನೋಡಿ, ಹೀಟರ್ ಶಾಖ ವೋಲ್ಟೇಜ್‌ನ ವರ್ಗದ ಲೆಕ್ಕದಲ್ಲಿ ಇಳಿಯತ್ತೆ, 230 ಇರ್ಬೇಕಾದ ಕಡೆ 200 ಬಂದ್ರೆ ಶಾಖ ಮುಕ್ಕಾಲು ಪಾಲಿಗೆ ಬಂತು. ಒಂದು ಫೇಸ್ ಹೋಗಿದ್ರೆ ಒಂದು ಸಾಲು ಹೀಟರ್ ಪೂರ್ತಿ ತಣ್ಣಗೆ, ಆ ಮಗ್ಗುಲ ಪೀಸ್‌ಗಳು ಮಾತ್ರ ಬೇಯಲ್ಲ. ಗ್ಯಾಸ್ ಓವನ್ ಇರೋರಿಗೆ ಡಿಸೆಂಬರ್, ಜನವರಿ ಬೆಳಗ್ಗೆ ಕಷ್ಟ, ಸಿಲಿಂಡರ್ ತಣ್ಣಗಿದ್ದು ಗ್ಯಾಸ್ ಒತ್ತಡ ಬೀಳತ್ತೆ, ಉರಿ ಸಣ್ಣಗಾಗತ್ತೆ, ಹೊರಗೆ ಇಬ್ಬನಿ ಹೆಪ್ಪುಗಟ್ಟತ್ತೆ. ಒಂದೇ ಸಿಲಿಂಡರ್ ಹಿಂಡೋ ಬದಲು ಮ್ಯಾನಿಫೋಲ್ಡ್‌ನಲ್ಲಿ ಹಲವು ಸಿಲಿಂಡರ್ ಕೂಡಿಸಿ. ಸಿಲಿಂಡರ್ ಕೆಳಗೆ ಬೆಂಕಿ, ಬಿಸಿ ಕೆಂಡ ಇಡೋದು ಯಾವ ಕಾರಣಕ್ಕೂ ಬೇಡ, ಜೀವ ಹೋಗತ್ತೆ.

ಗುಳ್ಳೆ, ಪಿನ್‌ಹೋಲ್

ಬೀಡು ಕಬ್ಬಿಣ, ಎರಕದ ಅಲ್ಯೂಮಿನಿಯಂ, ಜಿಐ ಪೈಪ್ ಮೇಲೆ ಸೂಜಿ ಮೊನೆಯಂಥ ತೂತು ತುಂಬಾ ಬಂದಿದ್ರೆ ಲೋಹದ ಒಳಗಿನ ಗಾಳಿ ಕಾದು ಹೊರಗೆ ಬಂದಿದೆ. ಕೋಟಿಂಗ್‌ಗೆ ಮುಂಚೆ ಆ ಪೀಸನ್ನ ಖಾಲಿಯಾಗೇ ಓವನ್‌ಗೆ ಹಾಕಿ, ಬೇಯಿಸೋ ಡಿಗ್ರಿಗಿಂತ 20, 30 ಡಿಗ್ರಿ ಹೆಚ್ಚಲ್ಲಿ ಅರ್ಧ ಗಂಟೆ ಇಟ್ಟು, ತಣ್ಣಗಾದ ಮೇಲೆ ಪೌಡರ್ ಹೊಡೀರಿ. ಹಳೇ ಪಲ್ಪರ್ ಆದ್ರೆ ಮೊದಲ ಸಲ ಕಾಸಿದಾಗ ಎಣ್ಣೆ ಬೆವರಿ ಹೊರಗೆ ಬರತ್ತೆ, ಒರೆಸಿ ಮತ್ತೆ ಕಾಸ್ಬೇಕಾಗತ್ತೆ. ಗ್ಯಾಸ್ ಬಿಡೋಕೆ ಅನುಕೂಲ ಮಾಡೋ ಪೌಡರ್ ಬೇರೇನೇ ಸಿಗತ್ತೆ, ಎರಕದ ಸಾಮಾನಿಗೆ ಅದನ್ನೇ ತರಿಸಿ. ದಪ್ಪ ಹೊಡೆದಷ್ಟೂ ಪಿನ್‌ಹೋಲ್ ಹೆಚ್ಚು.

ಬಾಕ್ಸ್ ಪೈಪ್ ಗೇಟಿಂದು ಬೇರೆ ಕಥೆ. ಎಲ್ಲಾ ಕಡೆ ಮುಚ್ಚಿ ವೆಲ್ಡ್ ಮಾಡಿದ ಪೈಪ್ ಒಳಗೆ ವೆಲ್ಡಿಂಗ್‌ನ ಸಣ್ಣ ತೂತಿಂದ ಟ್ಯಾಂಕ್ ನೀರು ಹೋಗಿ ಕೂರತ್ತೆ, ಹೊರಗೆ ಒಣಗಿದ ಹಾಗೆ ಕಾಣತ್ತೆ, ಓವನ್‌ನಲ್ಲಿ ಆವಿಯಾಗಿ ಅದೇ ತೂತಿಂದ ಬುಸ್ ಅಂತ ಬಂದು ಕೋಟಿಂಗನ್ನ ಎಬ್ಬಿಸಿ ಕೆಳಗೆ ಕಂದು ನೀರಿನ ಗೆರೆ ಬಿಡತ್ತೆ. ವೆಲ್ಡಿಂಗ್ ಸಾಲಲ್ಲಿ ಗುಳ್ಳೆ, ಅದರ ಕೆಳಗೆ ಗೆರೆ ಕಂಡ್ರೆ ಬೇರೆ ಏನೂ ಹುಡುಕಬೇಡಿ. ಪೈಪ್ ಪೂರ್ತಿ ಬಿಗಿಯಾಗಿದ್ದು ಒಳಗೆ ನೀರು ಇದ್ರೆ ಒತ್ತಡಕ್ಕೆ ಸಿಡಿಯೋ ಅಪಾಯನೂ ಇದೆ. ಫ್ಯಾಬ್ರಿಕೇಶನ್‌ನವರಿಗೆ ಮುಂಚೆನೇ ಹೇಳಿ, ಕೆಳಗಿನ ಪೈಪಲ್ಲಿ ನೀರು ಇಳಿಯೋಕೆ ತೂತು, ಮೇಲಿನ ಪೈಪಲ್ಲಿ ಗಾಳಿಗೆ ತೂತು, ಕೋಟಿಂಗ್ ಆದ್ಮೇಲೆ ಕ್ಯಾಪ್ ಹಾಕ್ಕೋಬಹುದು. ನಮ್ಮ ಮಳೆಗೆ ಆ ಕೆಳಗಿನ ತೂತು ಹಂಗೇ ತೆರೆದಿದ್ರೂ ಒಳ್ಳೇದೇ.

ಹೊಡೆದಾಗ ಏನೂ ಇಲ್ಲ, ಒಂದು ಮಳೆಗಾಲ ಆದ್ಮೇಲೆ ಚಿಕ್ಕ ಚಿಕ್ಕ ಗುಳ್ಳೆ, ಚುಚ್ಚಿದ್ರೆ ಒಳಗೆ ನೀರು: ಇದು ಕೊನೆಯ ತೊಳೆತ ಸರಿ ಆಗಿಲ್ಲ ಅನ್ನೋ ಗುರುತು. ಉಪ್ಪು, ಆಸಿಡ್ ಅಂಶ ಕೋಟಿಂಗ್ ಕೆಳಗೆ ಒಣಗಿ ಕೂತು ಹೊರಗಿನ ನೀರನ್ನ ಒಳಗೆ ಎಳ್ಕೊಳತ್ತೆ. ಕೋಟಿಂಗ್‌ಗೆ ಮುಂಚೆ ಪೀಸ್ ಮುಳುಗಿಸೋ ಏಳು ಟ್ಯಾಂಕ್ ಸಾಲಲ್ಲಿ ಕೆಮಿಕಲ್ ಟ್ಯಾಂಕ್ ಬಗ್ಗೆ ಎಲ್ರೂ ಗಮನ ಕೊಡ್ತಾರೆ, ತೊಳೆಯೋ ನೀರಿನ ಟ್ಯಾಂಕ್ ಬಗ್ಗೆ ಯಾರೂ ಕೇಳಲ್ಲ, ಆದ್ರೆ ಗೇಟ್ ಉಳಿಸೋದು ಆ ನೀರೇ. ಒದ್ದೆ ಪೀಸ್ ಮೇಲೆ ಪಿಎಚ್ ಪೇಪರ್ ಒತ್ತಿ, ಆಸಿಡ್ ತೋರಿಸಿದ್ರೆ ನೀರು ಬದಲಾಯಿಸಿ. ಬೋರ್‌ವೆಲ್ ನೀರಲ್ಲಿ ಕಬ್ಬಿಣ, ಸುಣ್ಣ ಹೆಚ್ಚಿದ್ರೆ ಕೊನೆಯ ತೊಳೆತಕ್ಕೆ ಆರ್‌ಓ ನೀರು ಇಟ್ಕೊಳ್ಳಿ, ಇಷ್ಟೊಂದು ಮಳೆ ಬೀಳೋ ಜಿಲ್ಲೇಲಿ ಶೀಟ್ ಮೇಲಿನ ಮಳೆ ನೀರನ್ನ ಸೋಸಿ ಹಿಡಿದು ಟಿಡಿಎಸ್ (ನೀರಲ್ಲಿ ಕರಗಿರೋ ಲವಣದ ಅಳತೆ) ನೋಡಿ ಬಳಸಿದ್ರೂ ಆಗತ್ತೆ.

ಕಂಪ್ರೆಸರ್ ನೀರು ಮತ್ತು ಇಬ್ಬನಿ

20 ಡಿಗ್ರಿಯಲ್ಲಿ ಪೂರ್ತಿ ತೇವ ತುಂಬಿದ ಗಾಳಿ ಒಂದು ಘನ ಮೀಟರ್‌ಗೆ ಸುಮಾರು 17 ಗ್ರಾಂ ನೀರು ಹೊತ್ಕೊಂಡಿರತ್ತೆ. ಮಡಿಕೇರಿ ಮಂಜಲ್ಲಿ ಕಂಪ್ರೆಸರ್ ದಿನವಿಡೀ ಆ ಗಾಳೀನೇ ಎಳೆದು ಹಿಂಡೋದು, ಹಿಂಡಿದಾಗ ನೀರು ಬೇರೆ ಆಗಿ ಟ್ಯಾಂಕ್ ತಳದಲ್ಲಿ ನಿಲ್ಲತ್ತೆ, ಉಳಿದಿದ್ದು ಪೈಪಲ್ಲಿ ಗನ್‌ವರೆಗೂ ಬರತ್ತೆ. ಪೌಡರ್ ಉಂಡೆ ಕಟ್ಟೋದು, ಗನ್ ಕೆಮ್ಮಿ ಕೆಮ್ಮಿ ಉಗುಳೋದು, ಪೀಸ್ ಮೇಲೆ ಅಲ್ಲಲ್ಲಿ ಗಂಟು ಗಂಟು, ಪೌಡರ್ ಹತ್ಕೊಳ್ಳದೆ ಉದುರೋದು, ಇವೆಲ್ಲ ಜೊತೆಗೇ ಬಂದ್ರೆ ಮೂಲ ಇದೇ. ಗನ್‌ನ ಪೌಡರ್ ನಿಲ್ಲಿಸಿ ಬರಿ ಗಾಳಿಯನ್ನ ಒಂದು ನಿಮಿಷ ಕನ್ನಡಿ ಮೇಲೆ ಬಿಡಿ, ಆಮೇಲೆ ಬಿಳಿ ಕಾಗದದ ಮೇಲೆ ಬಿಡಿ. ಕನ್ನಡಿ ಮಬ್ಬಾದ್ರೆ ನೀರು, ಕಾಗದ ಕಲೆಯಾದ್ರೆ ಎಣ್ಣೆ. ಮಳೆಗಾಲದಲ್ಲಿ ಟ್ಯಾಂಕ್ ಡ್ರೈನ್ ಬೆಳಗ್ಗೆ ಒಂದು ಸಲ ಸಾಲಲ್ಲ, ಎರಡು ಗಂಟೆಗೊಮ್ಮೆ ತೆಗೀರಿ. ಗಾಳಿಯ ಡ್ಯೂ ಪಾಯಿಂಟ್ (ತೇವ ನೀರಾಗೋಕೆ ಶುರುವಾಗೋ ಡಿಗ್ರಿ) 3 ಡಿಗ್ರಿ ಆಸುಪಾಸಿಗೆ ಇಳಿಸೋ ರೆಫ್ರಿಜರೇಟೆಡ್ ಡ್ರೈಯರ್ ಇಲ್ಲಿ ಐಷಾರಾಮ ಅಲ್ಲ, ಹೊಸ ಗನ್ ತಗೊಳ್ಳೋ ದುಡ್ಡಿದ್ರೆ ಮೊದ್ಲು ಡ್ರೈಯರ್ ತಗೊಳ್ಳಿ ಅನ್ನೋದು ನನ್ನ ಖಡಕ್ ಅಭಿಪ್ರಾಯ.

ಪೌಡರ್ ಡಬ್ಬ ಇಡೋ ರೂಮೂ ಅಷ್ಟೇ ಮುಖ್ಯ. ತಣ್ಣನೆ ರೂಮಿಂದ ತಂದ ಚೀಲವನ್ನ ಬಿಸಿ ಶೆಡ್‌ನಲ್ಲಿ ತಕ್ಷಣ ಬಿಚ್ಚಿದ್ರೆ ಪೌಡರ್ ಮೇಲೆ ತೇವ ಕೂರತ್ತೆ, ಮುಚ್ಚಿದ ಹಾಗೇ ಶೆಡ್ ಹದಕ್ಕೆ ಬರೋವರೆಗೆ ಬಿಡಿ. ಕಬ್ಬಿಣಕ್ಕೂ ಇದೇ ನಿಯಮ, ಚಳಿಗಾಲದಲ್ಲಿ ರಾತ್ರಿ ಹೊರಗೆ ಬಿಟ್ಟ ಪೀಸ್ ಬೆಳಗ್ಗೆ ಒಳಗೆ ತಂದಾಗ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಬೆವರಿರತ್ತೆ. ಕಬ್ಬಿಣದ ಡಿಗ್ರಿ ಡ್ಯೂ ಪಾಯಿಂಟ್‌ಗಿಂತ ಕನಿಷ್ಠ 3 ಡಿಗ್ರಿ ಮೇಲಿರ್ಬೇಕು, ಅನುಮಾನ ಇದ್ರೆ ಒಣಗಿಸೋ ಓವನ್‌ನಲ್ಲಿ ಒಂದು ಸುತ್ತು ಬೆಚ್ಚಗೆ ಮಾಡಿ ತೆಗೀರಿ.

ಮೀನುಕಣ್ಣಿನಂಥ ಕುಳಿ ಬಿದ್ರೆ ಎಣ್ಣೆ ಅಥವಾ ಸಿಲಿಕೋನ್. ಟಯರ್ ಪಾಲಿಶ್, ಡ್ಯಾಶ್‌ಬೋರ್ಡ್ ಸ್ಪ್ರೇ, ಬೆಲ್ಟ್ ಸ್ಪ್ರೇ ಯಾವುದೂ ಶೆಡ್ ಒಳಗೆ ಬರಬಾರ್ದು, ಪಕ್ಕದಲ್ಲಿ ಗ್ಯಾರೇಜ್ ಇದ್ರೆ ಬೂತ್ ಬಾಗ್ಲು ಆ ಕಡೆ ತೆರೀಬಾರ್ದು. ಬೇರಿಂಗ್ ಬಿಚ್ಚದೆ ಓವನ್‌ಗೆ ಹಾಕಿದ್ರೆ ಗ್ರೀಸ್ ಕರಗಿ ಇದೇ ಆಗತ್ತೆ.

ಮೂಲೆಗೆ ಹೋಗಲ್ಲ, ಮೇಲ್ಮೈ ತರಿ ತರಿ

ಒಳ ಮೂಲೆಗೆ ಪೌಡರ್ ಹೋಗ್ತಿಲ್ಲ ಅಂತ ಗನ್ ವೋಲ್ಟೇಜ್ ಏರಿಸೋದು ಉಲ್ಟಾ ಕೆಲಸ. 80, 90 ಕೆವಿ (ಸಾವಿರ ವೋಲ್ಟ್) ಇದ್ರೆ 50ರ ಆಸುಪಾಸಿಗೆ ಇಳಿಸಿ, ಗಾಳಿ ಕಮ್ಮಿ ಮಾಡಿ, ಮೂಲೆ ಮೊದ್ಲು ಹೊಡೆದು ಆಮೇಲೆ ಬಯಲು ಜಾಗ. ಗನ್ 20ರಿಂದ 30 ಸೆಂಟಿಮೀಟರ್ ದೂರ ಇರ್ಲಿ. ಅದಕ್ಕೂ ಮುಂಚೆ ಅರ್ತಿಂಗ್ ನೋಡಿ: ಹುಕ್ಕಿನ ಮೇಲೆ ಹಳೇ ಕೋಟಿಂಗ್ ಕೂತಿದ್ರೆ ಪೀಸ್‌ಗೆ ಅರ್ತ್ ಸಿಗಲ್ಲ, ಪೌಡರ್ ನಿಲ್ಲಲ್ಲ, ಹೊಡೆಯೋ ಹುಡುಗನಿಗೆ ಚುರ್ ಅಂತ ಶಾಕ್ ಬೇರೆ. ಪೀಸಿಂದ ಅರ್ತ್‌ಗೆ ಮೆಗ್ಗರ್‌ನಲ್ಲಿ (ರೆಸಿಸ್ಟೆನ್ಸ್ ಅಳೆಯೋ ಮೀಟರ್) 1 ಮೆಗಾ ಓಮ್ ಒಳಗಿರ್ಬೇಕು. ಹುಕ್ಕು ಸುಟ್ಟೋ ಉಜ್ಜಿಯೋ ಚೊಕ್ಕ ಮಾಡಿ. ಇದು ಗುಣಮಟ್ಟಕ್ಕಿಂತ ಮೊದ್ಲು ಸುರಕ್ಷತೆ ವಿಷಯ, ಗಾಳೀಲಿ ದಟ್ಟವಾಗಿ ತೇಲೋ ಪೌಡರ್‌ಗೆ ಒಂದು ಕಿಡಿ ಸಾಕು.

ಮೇಲ್ಮೈ ನಮ್ಮ ಕೊಡಗಿನ ಕಿತ್ತಳೆ ಸಿಪ್ಪೆ ಥರ ತರಿ ತರಿ ಆಗಿದ್ರೆ ಮೈಕ್ರಾನ್ ಮೀಟರ್ ಹಿಡೀರಿ. 60ರಿಂದ 80 ಇರ್ಬೇಕಾದ ಕಡೆ 120 ದಾಟಿದ್ರೆ ದಪ್ಪವೇ ಕಾರಣ. ದಪ್ಪ ಸರಿ ಇದ್ದೂ ತರಿ ಇದ್ರೆ ಓವನ್ ತುಂಬ ನಿಧಾನ ಕಾಯ್ತಿದೆ, ಇಲ್ಲ ಪೌಡರ್ ಹಳೇದಾಗಿದೆ. ಪೌಡರನ್ನ ಬೈಯೋ ಸರದಿ ಈಗ ಬಂತು.

ಒಂದು ವರ್ಷದಲ್ಲಿ ಬಿಸಿಲಿಗೆ ಮಾಸಿ ಕೈಗೆ ಸುಣ್ಣದಂತೆ ಬರ್ತಿದೆ ಅಂದ್ರೆ ಹೊರಗಿನ ಕೆಲಸಕ್ಕೆ ಎಪಾಕ್ಸಿ ಅಥವಾ ಎಪಾಕ್ಸಿ ಬೆರೆತ ಪೌಡರ್ ಹೊಡೆದಿದ್ದಾರೆ. ಹೋಂಸ್ಟೇ ಗೇಟ್, ಬಾಲ್ಕನಿ ಗ್ರಿಲ್, ಮೆಣಸು ಕುಯ್ಯೋ ಏಣಿ ಇವಕ್ಕೆಲ್ಲ ಶುದ್ಧ ಪಾಲಿಯೆಸ್ಟರ್ ಬೇಕು. ಏಣಿ ಅಲ್ಯೂಮಿನಿಯಂದಾದ್ರೆ ಕಬ್ಬಿಣದ ಆಸಿಡ್ ಟ್ಯಾಂಕ್‌ಗೆ ಬಿಡ್ಲೇಬೇಡಿ, ಲೋಹವನ್ನೇ ತಿನ್ನತ್ತೆ, ಅದಕ್ಕೆ ಬೇರೆ ಕೆಮಿಕಲ್ ಇದೆ.

ಓವನ್‌ಗೆ ಹಾಕಬಾರದ್ದು

ಕೊಡವರ ಆಯುಧ ಹಬ್ಬ ಕೈಲ್ ಪೊಳ್ದ್ ಹತ್ರ ಬಂದಾಗ ಕೋವಿ ತಂದು ಕಪ್ಪು ಕೋಟಿಂಗ್ ಮಾಡಿಕೊಡಿ, ಒಡಿಕತ್ತಿ ಪಳಪಳ ಮಾಡಿಕೊಡಿ ಅಂತ ಕೇಳೋರು ಇದ್ದಾರೆ. ಮನೆತನದ ವಸ್ತು, ಪ್ರೀತಿಯಿಂದ ತರ್ತಾರೆ, ಆದ್ರೂ ಬೇಡ ಅಂತ ಹೇಳ್ಬೇಕು. ಹಳೇ ಜೋಡು ನಳಿಗೆ ಕೋವಿಯಲ್ಲಿ ನಳಿಗೆಗಳ ಮಧ್ಯದ ಪಟ್ಟಿಯನ್ನ ಹೆಚ್ಚಾಗಿ ತವರ ಸೀಸದ ಬೆಸುಗೆಯಲ್ಲಿ ಕೂರಿಸಿರ್ತಾರೆ, ಆ ಬೆಸುಗೆ 183 ಡಿಗ್ರಿಯಿಂದಲೇ ಕರಗೋಕೆ ಶುರು, ನಮ್ಮ ಓವನ್ 200, ಪಟ್ಟಿ ಬಿಟ್ಕೊಂಡ್ರೆ ಆ ಕೋವಿ ಕಥೆ ಮುಗೀತು. ಕೋವಿ ಕೆಲಸ ಲೈಸೆನ್ಸ್ ಇರೋ ಗನ್‌ಸ್ಮಿತ್‌ಗೇ ಹೋಗ್ಲಿ. ಕತ್ತಿ ಅಲಗಿಗೆ ಕೊಟ್ಟ ಹದ ಹೆಚ್ಚು ಕಡಿಮೆ 180, 200ರಲ್ಲೇ ಆಗಿದ್ರೆ ಓವನ್‌ನಲ್ಲಿ ಅರ್ಧ ಗಂಟೆ ಇಟ್ಟಾಗ ಇನ್ನೂ ಮೆತ್ತಗಾಗಬಹುದು, ಸೊಂಟಕ್ಕೆ ಸಿಗಿಸೋ ಪೀಚೆಕತ್ತಿಯ ಹಿಡಿಗೆ, ಬೆಳ್ಳಿ ಕೆಲಸಕ್ಕೆ ಅಂತೂ ಆ ಶಾಖ ಒಳ್ಳೇದಲ್ಲ. ಎಣ್ಣೆ ಹಚ್ಚಿ ಒರೆಸಿ ಇಡೋದೇ ಅವಕ್ಕೆ ಸರಿ.

ಮತ್ತೆ ಮಾಡೋದಾ, ತೆಗೆದು ಮಾಡೋದಾ

ಚೌಕದ ಟೇಪ್ ಪರೀಕ್ಷೆಯಲ್ಲಿ ಹಳೇ ಕೋಟ್ ಗಟ್ಟಿಯಾಗಿ ನಿಂತಿದ್ದು ಬರಿ ಬಣ್ಣ, ತರಿ, ಕುಳಿಯ ದೋಷ ಅಂದ್ರೆ 220ರಿಂದ 320 ನಂಬರ್ ಪೇಪರ್‌ನಲ್ಲಿ ಹೊಳಪು ಪೂರ್ತಿ ಹೋಗೋ ಹಾಗೆ ಉಜ್ಜಿ, ಒರೆಸಿ, ವೋಲ್ಟೇಜ್ ಇಳಿಸಿ ಮೇಲೆ ಇನ್ನೊಂದು ಕೋಟ್ ಹೊಡೀಬಹುದು, ಕೆಳಗಿನ ಕೋಟ್ ಕರೆಂಟ್ ತಡೆಯೋದ್ರಿಂದ ಜಾಸ್ತಿ ಕೆವಿ ಇಟ್ರೆ ಪೌಡರ್ ವಾಪಸ್ ಸಿಡಿದು ಗುಳಿ ಬೀಳತ್ತೆ. ಟೇಪ್‌ಗೆ ಚೌಕ ಬಂದಿದ್ರೆ ಅಥವಾ ಎರಡೂ ಕೋಟ್ ಸೇರಿ 150 ಮೈಕ್ರಾನ್ ದಾಟೋ ಹಾಗಿದ್ರೆ ಪೂರ್ತಿ ತೆಗೆದು ಮೊದಲ ಟ್ಯಾಂಕಿಂದ ಶುರು ಮಾಡಿ. ಜಿಐ ಪೈಪ್ ಮೇಲಿನ ಕೋಟಿಂಗನ್ನ ಮಾತ್ರ ಬೆಂಕಿಗೆ ಹಾಕಿ ಸುಡ್ಬೇಡಿ, ಸತುವಿನ ಹೊಗೆ ಎದೆಗೆ ಹೋದ್ರೆ ರಾತ್ರಿಗೆ ಜ್ವರ ಚಳಿ ಬರತ್ತೆ, ಪೈಪಿನ ಸತುವಿನ ರಕ್ಷಣೆನೂ ಹೋಗತ್ತೆ, ಸ್ಟ್ರಿಪ್ಪರ್ ಕೆಮಿಕಲ್‌ನಲ್ಲಿ ತೆಗೆದು ಚೆನ್ನಾಗಿ ತೊಳೀರಿ.